ಗಂಟೆಗೊಮ್ಮೆ ಹಡಗಿನ ಸುದ್ದಿ

ನವೆಂಬರ್ ೧೨, ಬುಧವಾರ

ಹಡಗಿನಲ್ಲಿ ಕೆಲಸಕ್ಕಿರುವ ನಮ್ಮ ಯಜಮಾನರಿಂದ ಇವತ್ತೂ ಸುದ್ದಿಯಿಲ್ಲವಲ್ಲ ಎಂದುಕೊಂಡೇ ಆಫೀಸಿಗೆ ಹೋದೆ. ಹಡಗುಗಳಿಂದ ಬರುವ ಸಂದೇಶಗಳೆಲ್ಲ ನಮ್ಮ ಸರ್ವರಿನಲ್ಲಿ ಸಾಲುಗಟ್ಟಿ ಕಾಯುತ್ತವೆ. ಟೈಮರ್ ಎಬ್ಬಿಸಿದಾಗ ಮಾತ್ರ ಮನೆಗಳಿಗೆ ಹೊರಡುತ್ತವೆ. ಇಷ್ಟು ದಿನ ಆ ಟೈಮರ್ ಏಳುತ್ತಿದ್ದುದು ದಿನಕ್ಕೊಂದೇ ಸಲ. ಅದನ್ನು ಬದಲಿಸುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು.

"ನಿಮಿಷಕ್ಕೊಂದ್ಸಲ ಇಡ್ಲಾ ಸರ್?" ಎಂದು ಮ್ಯಾನೇಜರನ್ನು ಕೇಳಿದೆ.

"ಸರ್ವರ್ ಉಸಿರಾಡೋದು ಬೇಡ್ವೇನಮ್ಮಾ? ಗಂಟೆಗೊಂದ್ಸಲ ಸಾಕು," ಎಂದು ನಕ್ಕರು.

ಹಾಗೇ ಹೊಂದಿಸಿ ಕಾದು ಕುಳಿತೆ. ಟೈಮರ್ ಎದ್ದಿತು, ಸಾಲು ಕರಗಿತು. ಯಾರ ಸಂದೇಶ, ಏನು ಬರೆದಿದೆ ಎಂಬುದು ನಮಗೆ ಕಾಣುವುದಿಲ್ಲ. ಅಷ್ಟರಲ್ಲಿ ಬ್ಯಾಗಿನೊಳಗೆ ನನ್ನ ಫೋನ್ ಗುಂಯ್‌ಗುಟ್ಟಿತು. ಅವರದೇ.

"ಇಲ್ಲಿನ ಹೊಸ ಅಡುಗೆಯವನು ಥೇಟ್ ನಿನ್ನ ಹಾಗೇ ಕೆಮ್ತಾನೆ ಕಣೇ. ಪ್ರತಿ ಸಲ ತಿರುಗಿ ನೋಡ್ತೀನಿ."

ಓದಿ ನಗು ಬಂತು, ಆಮೇಲೆ ಕಣ್ಣು ತುಂಬಿತು. ಊಟವಾದ ಮೇಲೆ ಉತ್ತರ ಬರೆಯಲು ಕೂತೆ. ಅತ್ತೆಯ ಮಂಡಿನೋವು, ಸೋರುವ ನಲ್ಲಿ, ಎಲ್ಲವನ್ನೂ ಬರೆದೆ. ನನ್ನ ಕೆಮ್ಮು ಎಂದೋ ವಾಸಿಯಾಯಿತು ಎಂದು ಬರೆಯಲು ಮಾತ್ರ ಮನಸ್ಸು ಬರುತ್ತಿಲ್ಲ.