ಸಿಹಿ ಬೇಡವೆಂದ ತಮ್ಮನಿಗೆ

ಬುಕಿತ್ ಬಾಟೋಕ್, ಸಿಂಗಪುರ
೨೧ ಆಗಸ್ಟ್ ೨೦೨೫, ಗುರುವಾರ

ಪ್ರೀತಿಯ ಕುಶಾಲ್,

ಹೇಗಿದ್ದೀಯ? ಮೊಣಕೈ ಈಗ ಪೂರ್ತಿ ನೆಟ್ಟಗಾಗುತ್ತದೆಯೇ, ಇಲ್ಲ ಇನ್ನೂ ಹಿಡಿದುಕೊಳ್ಳುತ್ತದೆಯೇ? ಪರ್ತ್‌ನಲ್ಲಿ ಈಗ ಚಳಿಗಾಲವಂತೆ. ಆಪರೇಷನ್ ಆದ ಮೂಳೆಗೆ ಚಳಿ ಒಗ್ಗುವುದಿಲ್ಲ, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಅಲ್ಲಿ ಎಳ್ಳೆಣ್ಣೆ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಹೋಗಿ ಎರಡು ವರ್ಷವಾಗುತ್ತಾ ಬಂತು, ಇಷ್ಟು ಸಣ್ಣ ವಿಷಯವನ್ನೂ ನಾನು ಕೇಳಿ ತಿಳಿದುಕೊಂಡಿಲ್ಲ. ನಿನ್ನ ಊರಿನ ಗಡಿಯಾರಕ್ಕೂ ನನ್ನದಕ್ಕೂ ಒಂದು ನಿಮಿಷದ ವ್ಯತ್ಯಾಸವಿಲ್ಲ, ಹೊತ್ತು ಹೊಂದಲಿಲ್ಲ ಎಂದು ನೆಪ ಹೇಳುವ ಹಾಗೂ ಇಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಬಿ.ಪಿ. ಮಾತ್ರೆ ಶುರುವಾಗಿದೆ. ಉಪ್ಪಿನಕಾಯಿ ಬಿಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಾರೆ, ಬ್ಯಾಂಕಿನ ಡ್ರಾಯರಿನಲ್ಲಿ ಒಂದು ಬಾಟಲಿ ಇಟ್ಟುಕೊಂಡಿದ್ದಾರೆ. ಇಶಿತಾ ನನಗಿಂತ ಎತ್ತರವಾಗಿದ್ದಾಳೆ.

ನೀನು ಮತ್ತೆ ಸೈಕಲ್ ಹತ್ತಿದ್ದು ನನಗೆ ತಿಳಿದದ್ದು ಅವಳಿಂದಲೇ. ಏಪ್ರಿಲ್‌ನಲ್ಲಿ ಒಂದು ದಿನ ತಟ್ಟೆಯ ಮುಂದೆ ಕೂತು ಫೋನ್ ನೋಡುತ್ತಾ ನಕ್ಕಳು. ಏನೆಂದು ಕೇಳಿದೆ. “ಮಾಮಾ ಮತ್ತೆ ರೈಡ್ ಮಾಡ್ತಿದಾನೆ ಲಾ, ಆದ್ರೆ ಆ ಸಿಹಿ ಎನರ್ಜಿ ಜೆಲ್ ಇನ್ನೂ ವಾಂತಿ ಬರಿಸುತ್ತಂತೆ” ಎಂದಳು. ಮಾತಿಗೊಂದು ‘ಲಾ’, ಇಲ್ಲಿಯ ಮಕ್ಕಳ ಹಾಗೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನೀವಿಬ್ಬರೂ ಮಾತಾಡುತ್ತೀರಿ ಎಂದು ನನಗೆ ಗೊತ್ತಿಲ್ಲವೆಂದು ಅವಳ ಎಣಿಕೆ. ಅವಳನ್ನು ಬೈಯಬೇಡ. ಈ ಕಾಗದ ಬರೆಯುವ ಧೈರ್ಯ ನನಗೆ ಬಂದದ್ದು ಅವಳ ಆ ಒಂದು ಮಾತಿನಿಂದ.

ನೀನು ನನ್ನನ್ನು ಮೊದಲು ಕೇಳಿದ್ದು ನನಗೆ ನೆನಪಿದೆ. ಗಡಿ ದಾಟಿ ಮಲೇಷ್ಯಾದ ಮಲಾಕ್ಕಾದವರೆಗೆ ಒಂದೇ ದಿನದಲ್ಲಿ ತುಳಿದು ಹೋಗುತ್ತೇನೆಂದು ನೀನು ತಯಾರಿ ನಡೆಸಿದ್ದ ವರ್ಷ ಅದು. ಒಲೆಯ ಪಕ್ಕ ನಿಂತು, “ಅಕ್ಕಾ, ಮೂರು ಗಂಟೆ ತುಳಿದ್ಮೇಲೆ ಸಿಹಿ ಬಾಯಿಗೆ ಹತ್ತಿರ ಬಂದ್ರೆ ಹೊಟ್ಟೆ ತೊಳಸುತ್ತೆ. ಆದ್ರೆ ಕಾರ್ಬ್ ಬೇಕೇ ಬೇಕು. ಉಪ್ಪುಪ್ಪಾಗಿ ಅಕ್ಕೀಲಿ ಏನಾದ್ರೂ ಮಾಡಿಕೊಡ್ತೀಯಾ, ಜೇಬಲ್ಲಿ ಇಟ್ಕೊಳೋ ಥರ?” ಎಂದೆ. ನಾನು ಬಾಣಲೆಯಿಂದ ತಲೆ ಎತ್ತಲಿಲ್ಲ. ನಾನೇನು ಹೋಟೆಲ್ ಇಟ್ಟಿದ್ದೇನಾ ಎಂದೆ. ನೀನು ಇನ್ನೂ ಎರಡು ಸಲ ಕೇಳಿದೆ, ಆಮೇಲೆ ಬಿಟ್ಟೆ. ನನಗೆ ನಿನ್ನ ಸೈಕಲ್ ಇಷ್ಟವಿರಲಿಲ್ಲ, ಅಷ್ಟೇ. ಟುವಾಸ್ ರಸ್ತೆಯ ಕಂಟೇನರ್ ಲಾರಿಗಳನ್ನು ನೆನೆಸಿಕೊಂಡರೆ ನೀನು ಹೊರಟ ಶನಿವಾರಗಳ ಬೆಳಗಿನ ಕಾಫಿ ಲೋಟದಲ್ಲೇ ಆರಿಹೋಗುತ್ತಿತ್ತು. ಆ ಭಯವನ್ನು ಭಯವೆಂದೇ ಹೇಳಬಹುದಿತ್ತು. ನಾನು ಅದನ್ನು ಸಿಡುಕು ಮಾಡಿದೆ.

ನೀನು ಬಿದ್ದ ದಿನ ಆಸ್ಪತ್ರೆಯಲ್ಲಿ ನಾನು ಆಡಿದ ಮಾತಿಗೆ ಬರುತ್ತೇನೆ. ಕೈಗೆ ಹಲಗೆ ಕಟ್ಟಿ ಮಲಗಿಸಿದ್ದರು, ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ನಾಲ್ಕನೇ ಗಂಟೆಯಿಂದ ನೀನು ಏನೂ ತಿಂದಿರಲಿಲ್ಲ, ಕಣ್ಣು ಕತ್ತಲೆ ಬಂದು ರಸ್ತೆಯ ಕಟ್ಟೆಗೆ ಹೊಡೆದು ಬಿದ್ದೆ ಎಂದು ಜೊತೆಗಿದ್ದವರು ಹೇಳುತ್ತಿದ್ದರು. ನಿನ್ನ ಭಾವ, ನಿನ್ನ ಗೆಳೆಯರು, ನರ್ಸ್, ಎಲ್ಲರೂ ಅಲ್ಲೇ ನಿಂತಿದ್ದರು. “ಮೂವತ್ತನಾಲ್ಕು ವರ್ಷ ಆಯ್ತು ನಿಂಗೆ, ಇನ್ನೂ ನಿನ್ನ ಹಿಂದೆ ಹಿಂದೆ ಬರೋಕೆ ನಾನೇನು ನಿಮ್ಮಮ್ಮನಾ?” ಎಂದುಬಿಟ್ಟೆ. ನೀನು ಗೋಡೆಯ ಕಡೆ ತಿರುಗಿದೆ. ಅಮ್ಮ ಹೋದಾಗ ನಿನಗೆ ಏಳು ವರ್ಷ, ನನಗೆ ಹತ್ತೊಂಬತ್ತು. ಮೈಸೂರಿನಲ್ಲಿ ನಿನ್ನ ಶಾಲೆಯ ಎಲ್ಲ ಕಾಗದಗಳಿಗೂ ಸಹಿ ಹಾಕಿದವಳು ನಾನು. ಜಗತ್ತಿನಲ್ಲಿ ಬೇರೆ ಯಾರು ಬೇಕಾದರೂ ನಿನಗೆ ಆ ಮಾತು ಹೇಳಬಹುದಿತ್ತು, ನಾನು ಹೇಳಬಾರದಿತ್ತು. ಎರಡು ತಿಂಗಳಲ್ಲಿ ನೀನು ಪರ್ತ್ ಆಫೀಸಿಗೆ ಟ್ರಾನ್ಸ್‌ಫರ್ ಕೇಳಿ ತೆಗೆದುಕೊಂಡೆ. ವಿಮಾನ ನಿಲ್ದಾಣದಲ್ಲಿ ಎಡಗೈಯಿಂದ ನನ್ನ ಕಾಲು ಮುಟ್ಟಿದೆ. ಬಲಗೈ ಬಗ್ಗುತ್ತಿರಲಿಲ್ಲ.

ಇಶಿತಾ ಬಾಯಿ ಬಿಟ್ಟ ವಾರವೇ ನಾನು ನಿನ್ನ ಸಿಯಾ ಅಂಕಲ್‌ರನ್ನು ಹುಡುಕಿಕೊಂಡು ಹೋದೆ. ಟುವಾಸ್‌ನಲ್ಲಿ ಹಡಗು ರಿಪೇರಿ ಮಾಡಿ ರಿಟೈರ್ ಆದವರು, ನಿನಗೆ ಗಾಳಿಗೆ ಅಡ್ಡವಾಗಿ ಮುಂದೆ ತುಳಿಯುತ್ತಿದ್ದವರು ಎಂದಷ್ಟೇ ನನಗೆ ಗೊತ್ತಿತ್ತು. ಅವರು ನಮ್ಮಿಂದ ನಾಲ್ಕೇ ಬ್ಲಾಕ್ ಆಚೆ ಇದ್ದಾರೆ, ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, void deckನಲ್ಲಿ, ಸೈಕಲ್ ತಲೆಕೆಳಗೆ ಮಾಡಿಕೊಂಡು ಚೈನ್ ಒರೆಸುತ್ತಿದ್ದರು. ಸಿಹಿ ಇಲ್ಲದೆ, ಜೇಬಿನಲ್ಲಿ ಇಡುವಂಥದ್ದು ಏನು ತಿನ್ನಬಹುದು ಎಂದು ಕೇಳಿದೆ. ಅವರು ಕೈಯ ಗ್ರೀಸ್ ಒರೆಸಿಕೊಂಡು ಎದ್ದರು. ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ: “ನಿನ್ನ ತಮ್ಮ ಯಾವಾಗ್ಲೂ ಹೇಳ್ತಿದ್ದ ಲಾ. ನಮ್ಮಕ್ಕನ ಕೈಗೆ ಅಕ್ಕಿ ಕೊಟ್ರೆ ಏನು ಬೇಕಾದ್ರೂ ಮಾಡ್ತಾಳೆ, ಈಗ ಸ್ವಲ್ಪ ಬ್ಯುಸಿ ಅಂತ.” ಬ್ಯುಸಿ ಎಂದು ಹೇಳಿ ನನ್ನ ಮಾನ ಉಳಿಸಿದ್ದೆ ನೀನು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಅಂದಿನಿಂದ ಅವರೇ ನನ್ನ ಪರೀಕ್ಷೆಯ ಹೊಟ್ಟೆ. ಗಂಟೆಗೆ ಅರವತ್ತು ಗ್ರಾಮಿನಷ್ಟು ಕಾರ್ಬ್ ಹೋಗಬೇಕು, ನಾರು ಇರಬಾರದು, ಎಣ್ಣೆ ಹೆಚ್ಚಾಗಬಾರದು ಎಂದು ಮೊದಲೇ ಹೇಳಿದ್ದರು. ನಾನು ಕೇಳಿದೆನೇ? ಮೊದಲ ವಾರ ತುಪ್ಪ, ಕಾಯಿತುರಿ ಎಲ್ಲ ಹಾಕಿ ಮನೆಯ ಮರ್ಯಾದೆಗೆ ತಕ್ಕ ಕಡುಬು ಮಾಡಿ ಕೊಟ್ಟೆ. ಕ್ರಾಂಜಿ ಹತ್ತಿರ ಹೊಟ್ಟೆಯಲ್ಲಿ ಕಲ್ಲು ಕೂತ ಹಾಗಾಗಿ ಬಸ್ ಸ್ಟಾಪಿನಲ್ಲಿ ಅರ್ಧ ಗಂಟೆ ಮಲಗಿದ್ದರಂತೆ. ಅರವತ್ತಮೂರು ವರ್ಷದ ಮನುಷ್ಯ, ನನಗೆ ಜೀವವೇ ಹೋಯಿತು. ಅವಲಕ್ಕಿ ಉಂಡೆ ಕೈಯಲ್ಲೇ ಪುಡಿಯಾಗಿ ಗಾಳಿಯಲ್ಲಿ ಹಾರಿಹೋಯಿತು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿ ಕೊಟ್ಟದ್ದು ಒಳ್ಳೆಯದಾಗಿತ್ತು, ಆದರೆ ನಾಲ್ಕನೆಯದರ ಹೊತ್ತಿಗೆ ಅವರಿಗೆ ಬೇಸರ ಬಂತು. ಕೊನೆಗೆ ಮತ್ತೆ ಕಡುಬಿಗೇ ಬಂದೆ. ಬೇಳೆ ಇಲ್ಲ, ಕಾಯಿ ಇಲ್ಲ, ಒಗ್ಗರಣೆಗೆ ಒಂದೇ ಚಮಚ ಎಣ್ಣೆ. ಅಮ್ಮ ಇದ್ದಿದ್ದರೆ ಇದನ್ನು ಕಾಯಿಲೆಯವರ ಊಟ ಎನ್ನುತ್ತಿದ್ದಳು. ನೀನು ಬರೆದಿಟ್ಟುಕೋ: ಒಂದು ಲೋಟ ಅಕ್ಕಿತರಿಗೆ ಮೂರು ಲೋಟ ನೀರು. ಎರಡೂವರೆ ಹಾಕಿದರೆ ಮೂರು ಗಂಟೆಯ ಬಿಸಿಲಿಗೆ ಒಣಗಿ ಗಂಟಲಿಗೆ ಹತ್ತುತ್ತದೆ. ಜೀರಿಗೆ, ಶುಂಠಿ ರಸ, ನೀನು ಸಾಮಾನ್ಯವಾಗಿ ಹಾಕುವುದರ ಒಂದೂವರೆಯಷ್ಟು ಉಪ್ಪು. ಕೆದಕಿ ಆರಿಸಿ, ಎರಡು ತುತ್ತಿಗಾಗುವಷ್ಟೇ ಉಂಡೆ ಕಟ್ಟಿ, ಹಬೆಯಲ್ಲಿ ಹತ್ತು ನಿಮಿಷ. ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿದರೆ ತೇವ ನಿಲ್ಲುತ್ತದೆ, ಅಲ್ಲಿ ಬಾಳೆ ಎಲೆ ಇಲ್ಲದಿದ್ದರೆ ಬೆಣ್ಣೆ ಕಾಗದವೂ ಆಗುತ್ತದೆ. ಮೂರು ಉಂಡೆ ಒಂದು ಗಂಟೆಗೆ ಸಾಲುವುದಿಲ್ಲ. ಉಳಿದದ್ದಕ್ಕೆ ಅಂಕಲ್ ಸಿಹಿಯೇ ಗೊತ್ತಾಗದ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಕಾರ್ಬ್ ಪುಡಿಯನ್ನು ಬಾಟಲಿಯ ನೀರಿಗೆ ಕದಡಿ, ಉಪ್ಪು ಹಾಕಿ, ನಿಂಬೆ ಹಿಂಡಿಕೊಳ್ಳುತ್ತಾರೆ. ತಿಳಿಗಂಜಿ ಕುಡಿದ ಹಾಗಿರುತ್ತದೆ, ನಾನೂ ಕುಡಿದು ನೋಡಿದೆ.

ಕಳೆದ ಶನಿವಾರ ಸಿಯಾ ಅಂಕಲ್ ಮಲಾಕ್ಕಾ ಮುಟ್ಟಿದರು. ಅವರ ಹಿಂದೆ ಬರುವ ವ್ಯಾನಿನಲ್ಲಿ ಡಬ್ಬಿ ಹಿಡಿದುಕೊಂಡು ನಾನು ಹೋಗಿದ್ದೆ. ನಿನ್ನ ಭಾವ ಇದನ್ನು ಇನ್ನೂ ನಂಬಲು ತಯಾರಿಲ್ಲ. ಬಾತು ಪಹಾಟ್ ದಾಟಿದ ಮೇಲೆ ಎದುರು ಗಾಳಿ, ಬಿಸಿಲು. ಅವರ ಜೊತೆ ಹೊರಟ ಇಬ್ಬರು ಹುಡುಗರು ಜೆಲ್ ಕೈಯಲ್ಲಿ ಹಿಡಿದು, ನೋಡಿ, ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಾನು ಕಿಟಕಿಯಿಂದ ಕಡುಬು ಚಾಚಿದೆ. ಅವರಲ್ಲೊಬ್ಬ ತಿಂದು ಐದು ನಿಮಿಷ ತುಳಿದು, ಮತ್ತೆ ವ್ಯಾನಿನ ಪಕ್ಕಕ್ಕೆ ಬಂದು, “ಆಂಟಿ, ಇನ್ನೊಂದಿದ್ಯಾ?” ಎಂದು ಕೈ ಚಾಚಿದ. ಕೊಟ್ಟೆ. ಕೊಟ್ಟು ಕಿಟಕಿ ಮುಚ್ಚಿ ಕೂತೆ. ಇಷ್ಟು ಸುಲಭವಾಗಿತ್ತು, ಕುಶಾಲ್. ಒಂದು ಲೋಟ ತರಿ, ಮುಕ್ಕಾಲು ಗಂಟೆಯ ಕೆಲಸ. ಡ್ರೈವರ್ ಏನಾಯಿತೆಂದು ಕೇಳಿದ, ಬಿಸಿಲಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದೆ.

ನೀನು ನನ್ನನ್ನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಉತ್ತರ ಬರೆಯಲೇಬೇಕೆಂದೂ ಇಲ್ಲ. ದೂರ ಹೋಗುವಾಗ ಹೊಟ್ಟೆಗೆ ಒಗ್ಗುವಂಥದ್ದನ್ನು ತಿಂದುಕೊಂಡು ಹೋಗು, ಅಷ್ಟಾದರೆ ಸಾಕು. ಅಕ್ಕಿತರಿ ಸಿಗದಿದ್ದರೆ ಅಕ್ಕಿಯನ್ನೇ ತೊಳೆದು ಒಣಗಿಸಿ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸು, ನುಣ್ಣಗೆ ಮಾಡಬೇಡ. ಭಾವ ನಿನ್ನನ್ನು ಕೇಳಿದೆನೆಂದು ಹೇಳಿದ್ದಾರೆ. ಇಶಿತಾ ಹೇಳಬೇಕಾದದ್ದನ್ನು ಅವಳೇ ನಿನಗೆ ಹೇಳಿಕೊಳ್ಳುತ್ತಾಳೆ, ನಾನು ಮಧ್ಯೆ ಬರುವುದಿಲ್ಲ. ನೀನು ಹೋಗುವ ರಸ್ತೆಗಳೆಲ್ಲ ನಿನಗೆ ಒಳ್ಳೆಯದನ್ನೇ ಮಾಡಲಿ, ಹೋದಷ್ಟೇ ಸುಖವಾಗಿ ಮನೆ ಸೇರು.

ಇಂತು, ನಿನ್ನ ಅಕ್ಕ
ನಿರುಪಮಾ

ತಾ.ಕ.: ಕವರ್ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಅಂಚೆಯವರು ಬಾಗಿಲು ಹಾಕುವ ಮೊದಲು ಇದೊಂದನ್ನು ಬರೆಯಬೇಕು. ನೀನು ಬೀಳುವ ಹಿಂದಿನ ಸಂಜೆ ನೀನೇ ಉಪ್ಪು ಹಾಕಿ ಅನ್ನ ಬೇಯಿಸಿ, ಒತ್ತಿ, ತುಂಡು ಮಾಡಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಬ್ಯಾಗಿನೊಳಗೆ ಇಟ್ಟಿದ್ದೆ. ನೀನು ಸ್ನಾನಕ್ಕೆ ಹೋದಾಗ ನಾನು ಅದನ್ನು ತೆಗೆದು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಾತ್ರೆಯ ಹಿಂದೆ ತಳ್ಳಿಟ್ಟೆ. ತಿನ್ನಲು ಏನೂ ಇಲ್ಲದಿದ್ದರೆ ಅರ್ಧ ದಾರಿಯಿಂದ ಮನೆಗೆ ಬಂದುಬಿಡುತ್ತೀಯ ಎಂದುಕೊಂಡೆ, ದೇವರಾಣೆ ಅಷ್ಟೇ ಅಂದುಕೊಂಡಿದ್ದು. ಆಸ್ಪತ್ರೆಯಲ್ಲಿ ನೀನು “ಡಬ್ಬಿ ಇಟ್ಕೊಂಡಿದ್ದೆ ಅಂತಲೇ ಅಂದ್ಕೊಂಡಿದ್ದೆ, ನಂದೇ ಮರೆವು” ಎಂದೆ. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ನೀನು ಮರೆತಿರಲಿಲ್ಲ, ಮಗೂ.