ವ್ಯಾಕ್ಯೂಮಿನ ಉಸಿರು

೧೪ ಅಕ್ಟೋಬರ್, ಸೋಮವಾರ. ಮಲವಗೊಪ್ಪ.

ಆಯುಧಪೂಜೆ ಆದಾಗಿನಿಂದ ಮರಗೆಲಸದ ಶೆಡ್ಡಿನ ವ್ಯಾಕ್ಯೂಮ್ ಧೂಳು ಎಳೆಯುತ್ತಲೇ ಇರಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿದೆ, ಡಬ್ಬ ಖಾಲಿ ಮಾಡಿದೆ, ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ ಹಾಕಿದೆ. ಊಹೂಂ. ಮಾರಿದವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಶೆಡ್ಡು ಮನೆಗೆ ಅಂಟಿಕೊಂಡೇ ಇದೆ; ಮರದ ಹೊಟ್ಟು ಒಳಗೆ ಹಾರಿದರೆ ಜಯಶೀಲೆಗೆ ಉಬ್ಬಸ. ವೈರಿಲ್ಲದ ಈ ಮೆಷಿನ್ ತಂದದ್ದೇ ಹೆಂಡತಿಯ ಆ ಉಬ್ಬಸಕ್ಕಾಗಿ.

ಸಂಜೆ ಅವಳೇ ಬಂದು ಅದನ್ನು ತಿರುಗಿಸಿ ನೋಡಿ ನಕ್ಕುಬಿಟ್ಟಳು. "ಅಲ್ರೀ, ಗಾಳಿ ಹೊರಗೆ ಬರೋ ತೂತಿಗೇ ಮೂರು ಪಟ್ಟೆ ವಿಭೂತಿ ಬಳಿದಿದ್ದೀರಲ್ಲ! ಪಾಪ, ಇದು ಉಸಿರಾಡೋದು ಹೆಂಗೆ ಮಾರಾಯ್ರೆ?"

ಪೂಜೆಯ ದಿನ ನೀರಲ್ಲಿ ಕಲಸಿ, ಭಕ್ತಿಯಿಂದ ದಪ್ಪಗೆ ಬಳಿದವನು ನಾನೇ. ಒಣಗಿ ಸಿಮೆಂಟಿನಂತಾಗಿತ್ತು. ಅವಳು ಹಳೆ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಹಿಡಿಯ ಮೇಲೆ ಸಣ್ಣದೊಂದು ಬೊಟ್ಟಿಟ್ಟಳು. ಗುಂಡಿ ಒತ್ತಿದರೆ ಮೂಲೆಯ ಹೊಟ್ಟೆಲ್ಲ ಮಾಯ! ಅಂಗಡಿಯವನಿಗೆ ಬೆಳಿಗ್ಗೆ ಫೋನ್ ಮಾಡಿ ತಪ್ಪಾಯಿತು ಅನ್ನಬೇಕು.

ಈಗ ಪಕ್ಕದಲ್ಲಿ ಮಲಗಿದ್ದಾಳೆ. ಎದೆಯಲ್ಲಿ ಗೊರಗೊರ ಇಲ್ಲ. ಶಿವನೇ, ಅವಳ ಉಸಿರನ್ನೇ ಕೇಳುತ್ತಾ ಕೂತುಬಿಟ್ಟಿದ್ದೇನೆ, ಬರೆಯುವುದನ್ನೂ ಮರೆತು.