ಜೋತುಬಿದ್ದ ರೆಪ್ಪೆ

ಅಪ್ಪಾ,

ಇವತ್ತು ನಿನ್ನ ಡಾಕ್ಟರ್ ಮಗಳು ಒಂದು ಕಾಯಿಲೆಯನ್ನು ಒಂದೇ ನೋಟಕ್ಕೆ ಹಿಡಿದಳು.

ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಂದಿದ್ದರು. "ಸಂಜೆ ನಾನು ಬಾಯಿ ತೆಗೆದ್ರೆ ಸಾಕು, ಅಮ್ಮ ತೂಕಡಿಸ್ತಾಳೆ," ಅಂತ ಅವರ ಮಗಳ ದೂರು. ಜೋತುಬಿದ್ದ ರೆಪ್ಪೆಗಳ ಮೇಲೆ ಎರಡು ನಿಮಿಷ ಐಸ್ ಇಟ್ಟೆ. ತೆಗೆದಾಗ ಕಣ್ಣು ಅಗಲವಾಗಿ ತೆರೆದುಕೊಂಡವು!

"ನಿದ್ದೆ ಅಲ್ಲಮ್ಮ ಇದು. 'ಎತ್ತು' ಅಂತ ನರ ಹೇಳ್ತಾನೇ ಇರುತ್ತೆ, ಸ್ನಾಯುವಿಗೆ ಅದು ಸರಿಯಾಗಿ ಮುಟ್ಟಲ್ಲ. ದಣಿದಷ್ಟೂ ಹೆಚ್ಚು. ಮಾತ್ರೆ ಇದೆ," ಅಂದೆ ಮಗಳಿಗೆ.

"ನಾನು ಕೇಳಿಸ್ಕೊಳ್ತಾನೇ ಇದ್ದೆ ಕಣೇ," ಅಂದರು ತಾಯಿ.

ಚಿಕ್ಕವಳಿದ್ದಾಗ ಸಂಜೆ ನಾನು ಕಥೆ ಓದುವಾಗ, ಹೀಗೇ ರೆಪ್ಪೆ ಜೋತುಬಿದ್ದಿದ್ದರೂ ನೀನೂ "ಕೇಳ್ತಿದ್ದೀನಿ, ಓದು" ಅಂತಿದ್ದೆ. ನಾನು ಪುಸ್ತಕ ಪಟ್ಟನೆ ಮುಚ್ಚಿ ಎದ್ದುಹೋಗುತ್ತಿದ್ದೆ. ಮರುದಿನ ಪುಟ ಹುಡುಕುತ್ತಾ ಕೂತರೆ, ಎಲ್ಲಿಗೆ ನಿಲ್ಲಿಸಿದ್ದೆನೋ ಆ ಸಾಲನ್ನು ನೀನೇ ಹೇಳಿಕೊಡುತ್ತಿದ್ದೆ.